ಗೋಡೆಯ ರುಚಿ

ಕೊಟ್ಟಿಗೆಯ ಗೋಡೆಯಲ್ಲೊಂದು ಹಳ್ಳವಿದೆ,
ಹಸುವಿನ ಕತ್ತಿನೆತ್ತರಕ್ಕೆ, ಅಂಗೈಯಗಲ.
ಕಾರಹುಣ್ಣಿಮೆಯಿಂದ ಆಯುಧಪೂಜೆಯವರೆಗೆ
ನಮ್ಮ ಬೂದಿ ನೆಕ್ಕಿ ನೆಕ್ಕಿ ತೋಡಿದ್ದು.

ಮೊದಲು ಹಗ್ಗದ ತುದಿ ಹೋಯಿತು.
ಆಮೇಲೆ ಬೇಲಿಗೆ ಹರವಿದ ನನ್ನ ರವಿಕೆಯ ತೋಳು,
ಗೊಬ್ಬರದ ಚೀಲದ ಹೊಲಿಗೆ, ಹಳೇ ಚಪ್ಪಲಿಯ ಉಂಗುಷ್ಟ.
ಒಂದು ಸಂಜೆ ತಿಪ್ಪೆಯಿಂದ ಮೂಳೆ ಕಚ್ಚಿಕೊಂಡು ಬಂತು
ಥೇಟು ನಾಯಿಯ ಹಾಗೆ.
ಅತ್ತೆ ನಿಂಗಾಜಮ್ಮ ಬಾಯಿಗೆ ಸೆರಗಿಟ್ಟರು:
'ಹಸು ಮೂಳೆ ಕಡಿದ್ರೆ ಮನೆಗಾಗಲ್ಲ ಕಣೆ.'
ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ
ಘಾಟೇ ಬರಲಿಲ್ಲ. ದೃಷ್ಟಿಯೇ ಸೈ.

ಡೈರಿಯ ಯಂತ್ರಕ್ಕೆ ದೃಷ್ಟಿ ಗೊತ್ತಿಲ್ಲ.
ಮೂರೂ ಎರಡು. ಮೂರೂ ಒಂದು.
ಚೀಟಿಯಲ್ಲಿ ದಿನಾ ಇಳಿಯುವ ಫ್ಯಾಟು.
ಸಾಲಿನಲ್ಲಿ ಹಿಂದೆ ನಿಂತವರು
ನನ್ನ ಕ್ಯಾನಿನೊಳಗೆ ಇಣುಕಿ ನೀರು ಹುಡುಕುತ್ತಿದ್ದರು.

ನುಗ್ಗೇಹಳ್ಳಿಯಿಂದ ಮುನೀರ್ ಸಾಬರು ಬೈಕಿನಲ್ಲಿ ಬಂದರು,
ಹೊಗೆಯಾಡುವ ಕ್ಯಾನಿನೊಂದಿಗೆ, ಮೂರನೇ ಸಲ.
ಹಾಕಿದ ಸೂಜಿ ನಿಲ್ಲುತ್ತಿರಲಿಲ್ಲ.
ಕೈಗವಸು ತೊಡುವ ಮೊದಲು ಗೋಡೆ ನೋಡಿದರು,
ಆ ಹಳ್ಳದೊಳಗೆ ಎರಡು ಬೆರಳಿಟ್ಟರು.
'ಏನ್ ಹಾಕ್ತೀರಮ್ಮ ಮೇವು?'

ರಾಗಿಹುಲ್ಲು, ಅಂದೆ.
'ಆಮೇಲೆ?'
ರಾಗಿಹುಲ್ಲೇ. ಜೋಳದ ಕಡ್ಡಿ ಇದ್ದಾಗ ಜೋಳದ ಕಡ್ಡಿ.
ಹಾಲು ಜಾಸ್ತಿಯಿದ್ದರೆ ಬೂಸ. ಇಳಿದರೆ ಬೂಸವೂ ಬಂದ್.
'ನೀರು?'
ಎರಡು ಹೊತ್ತು, ನಾನು ಹೊತ್ತು ತಂದಷ್ಟು.
'ಉಪ್ಪು?'
ಸುಮ್ಮನಾದೆ.

ಅವರು ಕುಕ್ಕರುಗಾಲಲ್ಲಿ ಕೂತು
ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದರು,
ಹಸುವಿನ ಹೊಟ್ಟೆಯನ್ನು ನಾಲ್ಕು ಕೋಣೆಯ ಮನೆ ಮಾಡಿ.
ದೊಡ್ಡ ಕೋಣೆಯಲ್ಲಿ ಕಣ್ಣಿಗೆ ಕಾಣದ ಕೋಟಿ ಕೂಲಿಯಾಳು.
'ನಾವು ಮೇಯಿಸೋದು ಹಸೂನಲ್ಲ, ಇವರನ್ನ.
ಒಣಹುಲ್ಲು ಇವರ ಕೆಲಸ. ಹಸಿರು ಊಟ. ಹಿಂಡಿ ಸಂಬಳ.
ಉಪ್ಪು, ಖನಿಜದ ಪುಡಿ ಅಂದ್ರೆ ಎಲೆಅಡಿಕೆ ಇದ್ದಂಗೆ,
ಇದ್ರೂ ಸೈ ಇಲ್ದಿದ್ರೂ ಸೈ ಅಂದ್ಕೊಂಡಿದೀರಿ. ಅಲ್ಲ.
ಅದಿಲ್ದೆ ಕೂಲಿಯೋರು ಕಣಕ್ಕೇ ಇಳಿಯಲ್ಲ.
ಪಾಪ, ಇದು ಅಂಗಡಿಗೆ ಹೋಗಕ್ಕಾಗುತ್ತಾ?
ಸುಣ್ಣದ ಗೋಡೇನೇ ಅಂಗಡಿ ಮಾಡ್ಕೊಂಡಿದೆ.'

ನಾನು ಅದೇ ಗೋಡೆಗೆ ಒರಗಿದ್ದೆ.
ಅದರ ಆಚೆ ಬದಿ ಅಡುಗೆಮನೆ.
ಹತ್ತೊಂಬತ್ತು ವರ್ಷದ ಹಿಂದೆ, ಚೈತ್ರ ಹೊಟ್ಟೆಯಲ್ಲಿ,
ಗೋಡೆಗೆ ನೀರು ಚಿಮುಕಿಸಿದರೆ ಏಳುವ ವಾಸನೆಗೆ ಬಾಯೂರಿ
ಉಗುರಲ್ಲಿ ಕೆರೆದು ಕೆರೆದು ತಿಂದೆ.
ಬಳಪ ತಿಂದೆ. ಒಲೆಯ ಬೂದಿ ತಿಂದೆ.
ಯಾರೋ ನೋಡಿ ನಕ್ಕರು, ಅತ್ತೆ ಬೈದರು,
ಬಯಕೆ ಎಂದು ಹೆಸರಿಟ್ಟು ಹೂ ಮುಡಿಸಿದರು.
ಎಲ್ಲರದೂ ಆದ ಮೇಲೆ ನನಗೆ ಕೊನೆಯ ಮುದ್ದೆ, ತಳದ ಸಾರು.
ಏನ್ ಹಾಕ್ತೀರಮ್ಮ ಮೇವು ಅಂತ
ಯಾರೂ ಯಾರನ್ನೂ ಕೇಳಲಿಲ್ಲ.

ಈಗ ಬಚ್ಚಲ ನೀರಿನ ಬದಿಗೆ ಸೀಮೆಹುಲ್ಲು,
ನಡುವೆ ಹಬ್ಬಿದ ಅಲಸಂದೆ.
ರಾಗಿಹುಲ್ಲಿಗೆ ಮಚ್ಚಿನೇಟು, ಉಪ್ಪುನೀರು.
ಬಾನಿಯಲ್ಲಿ ಹಗಲೂ ರಾತ್ರಿ ನೀರು:
ಹಾಲಲ್ಲಿ ಮುಕ್ಕಾಲಿಗಿಂತ ಹೆಚ್ಚು ಅದೇ ಅಂತೆ,
ಹಸು ತಾನೇ ಬೆರೆಸಿದ ನೀರಿಗೆ ಡೈರಿಯವರು ಕಾಸು ಕೊಡುತ್ತಾರೆ.
ಪುಡಿ ದಿನಕ್ಕೊಂದು ಹಿಡಿ. ಮೊದಮೊದಲು ಮೂಸಿ ಮುಖ ತಿರುಗಿಸಿತು,
ಬೆಲ್ಲ ಬೆರೆಸಿದೆ.
'ದನಕ್ಕೆ ಟಾನಿಕ್ಕು!' ಎಂದ ಅತ್ತೆ
ಈಗ ತಾವೇ ಹಿಡಿ ತುಂಬಿ ಒಯ್ಯುತ್ತಾರೆ, ಒಂಚೂರು ಹೆಚ್ಚೇ.

ಫ್ಯಾಟು ಮೂರೂ ಎಂಟು.
ಬೂದಿ ನಾಲ್ಕು ತಿಂಗಳ ಗಬ್ಬ.
ಗೋಡೆಯ ಹಳ್ಳಕ್ಕೆ ಇನ್ನೂ ಸಿಮೆಂಟು ಮೆತ್ತಿಲ್ಲ.

ಹಾಸನದ ಹಾಸ್ಟೆಲಿನಿಂದ ರಜೆಗೆ ಬಂದ ಚೈತ್ರ
ಬಂದವಳೇ ಅಕ್ಕಿಡಬ್ಬಕ್ಕೆ ಕೈ ಹಾಕಿ
ಕರಕರ ಹಸಿ ಅಕ್ಕಿ ಅಗಿಯುತ್ತಾಳೆ, ಫೋನು ನೋಡುತ್ತ.
ಅವಳ ಕಣ್ಣರೆಪ್ಪೆ ಕೆಳಗೆಳೆದು ನೋಡುತ್ತೇನೆ. ಬಿಳುಪು.
'ಏನ್ ಹಾಕ್ತಾರೆ ನಿಮಗಲ್ಲಿ ಮೇವು?'
ಅವಳು ನಗುತ್ತಾಳೆ.
ನಾನು ನಗುವುದಿಲ್ಲ.
'ಹೇಳು,' ಅನ್ನುತ್ತೇನೆ,
'ಬೆಳಗ್ಗೆಯಿಂದ ಶುರು ಮಾಡು.'